ಗಾಂಧಿನಗರದಲ್ಲಿ ಹೊಸ ಕಾವಲಿ, ಹಳೇ ಕೈ

ಭಾನುವಾರ. ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇದೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಹೊರಗೆ ನಿಂತಿದ್ದೇನೆ. ರಾತ್ರಿ ಬಸ್ಸುಗಳು ಒಂದೊಂದಾಗಿ ಬಂದು, ಕಣ್ಣು ಕೆಂಪಾದ ಜನರನ್ನು ಇಳಿಸಿ ಹೋಗ್ತಾ ಇವೆ. ಆಟೋದವರು "ಎಲ್ಲಿಗ್ ಸಾರ್... ಎಲ್ಲಿಗ್ ಸಾರ್..." ಅಂತ ಹಿಂದೆ ಬಿದ್ದಿದ್ದಾರೆ. ಹತ್ತು ವರ್ಷದ ಹಿಂದೆ ಇದೇ ತರಹದ ಒಂದು ಬೆಳಿಗ್ಗೆ ನಾನೂ ಇಲ್ಲೇ ಇಳಿದವನು. ಕೈಯಲ್ಲಿ ಒಂದು ರೆಕ್ಸಿನ್ ಬ್ಯಾಗು, ಜೇಬಿನಲ್ಲಿ ನನ್ನದಲ್ಲದ ದುಡ್ಡು. ಆ ದುಡ್ಡಿನ ವಿಷಯ ಆಮೇಲೆ ಹೇಳ್ತೀನಿ.

ಈ ಬಸ್ ಸ್ಟ್ಯಾಂಡು ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆ ಅನ್ನೋದು ನಿಮಗೆ ಗೊತ್ತಿರಬಹುದು. ಕೆರೆ ಹೋಯ್ತು. ಮೆಜೆಸ್ಟಿಕ್ ಅಂತ ಹೆಸರು ಕೊಟ್ಟ ಥಿಯೇಟರೂ ಹೋಯ್ತು. ಹೆಸರು ಮಾತ್ರ ಕಂಡಕ್ಟರುಗಳ ಬಾಯಲ್ಲಿ ಗಟ್ಟಿಯಾಗಿ ಉಳಿದುಕೊಂಡಿದೆ. ಇದಕ್ಕಿಂತ ದೊಡ್ಡ ಅಭಿಮಾನ ಯಾವ ಥಿಯೇಟರಿಗೆ ಸಿಕ್ಕೀತು ಹೇಳಿ!

ನಾನು ಕಾಯ್ತಾ ಇದ್ದದ್ದು ನನ್ನ ಸೋದರಮಾವನಿಗಾಗಿ. ಗಾಂಧಿನಗರದ ಒಂದು ಅಡ್ಡರಸ್ತೆಯಲ್ಲಿ ಹೊಸ ತಿಂಡಿ ಹೋಟೆಲ್ ಶುರುವಾಗಿದೆ. ಮೂರು ತಿಂಗಳೂ ಆಗಿಲ್ಲ, ಆಗಲೇ ಭಾನುವಾರ ಬೆಳಿಗ್ಗೆ ಸ್ಟಾರ್ ಪಿಕ್ಚರ್ ರಿಲೀಸ್ ಆದ ಹಾಗೆ ಕ್ಯೂ. ಆ ಹೋಟೆಲಿನ ಹೆಸರು ಇಲ್ಲಿ ಬರೆಯೋದಿಲ್ಲ. ಹೊಗಳಿದರೆ "ಎಷ್ಟು ತಗೊಂಡೆ?" ಅಂತ ನೀವು ಕೇಳ್ತೀರಿ, ತೆಗಳಿದರೆ ನಾನು ಮತ್ತೆ ಆ ರಸ್ತೆಗೆ ಕಾಲಿಡೋ ಹಾಗಿಲ್ಲ. ಕಪಾಲಿ ಇದ್ದ ಜಾಗದಿಂದ ನಡೆದೇ ಹೋಗುವಷ್ಟು ದೂರ. ತುಪ್ಪದ ವಾಸನೆ ಹಿಡಿದುಕೊಂಡು ಹೊರಟರೆ ತಪ್ಪದೆ ಸಿಗುತ್ತೆ.

ಮಾವ ಬಂದರು. ಒಗೆದು ಇಸ್ತ್ರಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಬಾಚಣಿಗೆ, ಕಾಲಲ್ಲಿ ಹವಾಯಿ ಚಪ್ಪಲಿ. ವಯಸ್ಸು ಅರವತ್ತೆಂಟು. ಎಡಗಾಲು ಸ್ವಲ್ಪ ಎಳೆಯುತ್ತಾರೆ. ಐವತ್ತು ವರ್ಷ ಬೆಂಗಳೂರಿನ ನೀರು ಕುಡಿದರೂ ಕುಂದಾಪುರ ಅವರ ನಾಲಿಗೆ ಬಿಟ್ಟು ಹೋಗಿಲ್ಲ.

"ಹ್ವಾಯ್ ಮಾಣಿ, ತಿಂಡಿ ತಿಂಬುಕೆ ಇಷ್ಟು ಬೇಗ ಬರ್ಕಾ?"

ನಮ್ಮ ಕಡೆ ಮಾಣಿ ಅಂದರೆ ಹುಡುಗ. ಇಲ್ಲಿ ಮಾಣಿ ಅಂದರೆ ಹೋಟೆಲಿನಲ್ಲಿ ಸಪ್ಲೈ ಮಾಡೋನು. ನಮ್ಮೂರಿನ ಎಷ್ಟು ಹುಡುಗರು ಬಸ್ ಹತ್ತಿ ಬಂದು ಲೋಟ ತೊಳೆದಿರಬೇಕು, ಆ ಮಾತಿನ ಅರ್ಥವೇ ಹಾಗೆ ಬದಲಾಗೋದಕ್ಕೆ!

ಮಾವ ಬಂದದ್ದು 1972ರಲ್ಲಿ. ಆಗ ಹದಿನೈದು ವರ್ಷ. ಸ್ಟೇಟ್ಸ್ ಥಿಯೇಟರಿನ ಹತ್ತಿರದ ಒಂದು ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿದರು. ಟೇಬಲ್ ಒರೆಸೋದು, ಎಂಜಲು ತಟ್ಟೆ ಎತ್ತೋದು. ಆ ವರ್ಷ ಸ್ಟೇಟ್ಸ್‌ನಲ್ಲಿ ಯಾವ ಚಿತ್ರ ಓಡ್ತಾ ಇತ್ತು ಅಂತ ಈ ಪತ್ರಿಕೆಯ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. 'ಬಂಗಾರದ ಮನುಷ್ಯ'! ಸಿದ್ಧಲಿಂಗಯ್ಯನವರ ನಿರ್ದೇಶನ, ಟಿ. ಕೆ. ರಾಮರಾಯರ ಕಾದಂಬರಿ, ಅಣ್ಣಾವ್ರ ರಾಜೀವ. ಎರಡು ವರ್ಷ ಅಲ್ಲಿಂದ ಕದಲಲಿಲ್ಲ. ಆಮೇಲೆ ಸ್ಟೇಟ್ಸ್‌ಗೆ ಭೂಮಿಕಾ ಅಂತ ಹೆಸರಾಯಿತು.

"ನೀವು ಎಷ್ಟು ಸಲ ನೋಡಿದ್ರಿ ಮಾವ?" ಅಂತ ಹಿಂದೊಮ್ಮೆ ಕೇಳಿದ್ದೆ. ಹತ್ತೋ ಇಪ್ಪತ್ತೋ ಅಂತಾರೆ ಅಂದುಕೊಂಡಿದ್ದೆ.

"ಮೂರು ಸಲ. ರಜೆ ಎಲ್ಲಿತ್ತು ಮಾರಾಯ?"

ಆದರೆ ಆ ಚಿತ್ರದ ಒಂದೊಂದು ನಿಮಿಷವೂ ಅವರಿಗೆ ಗೊತ್ತು. ಹೇಗೆ ಅಂದರೆ ಗಡಿಯಾರದ ಲೆಕ್ಕದಲ್ಲಿ! ಮ್ಯಾಟ್ನಿ ಇಂಟರ್ವಲ್ ಬಿಡೋ ಹೊತ್ತಿಗೆ ವಡೆ ಎಣ್ಣೆಯಿಂದ ಎದ್ದಿರಬೇಕು. ಶೋ ಮುಗಿಯೋ ಹೊತ್ತಿಗೆ ಲೋಟಗಳೆಲ್ಲ ತೊಳೆದು ಬೋರಲು ಹಾಕಿರಬೇಕು. ರಾಜೀವ ಬರಿಗೈಲಿ ಮನೆ ಬಿಟ್ಟು ಹೊರಟ ಅಂದರೆ ಇನ್ನು ಐದು ನಿಮಿಷಕ್ಕೆ ಜನ ಕಣ್ಣು ಒರೆಸಿಕೊಳ್ತಾ ಕಾಫಿಗೆ ಬರ್ತಾರೆ. ಅಳು ಜಾಸ್ತಿ ಆದ ಶೋಗೆ ಕಾಫಿ ಜಾಸ್ತಿ ಖರ್ಚು ಅನ್ನೋದು ಮಾವನ ಸಿದ್ಧಾಂತ. ಗಾಂಧಿನಗರದ ಪಂಡಿತರು ಇದನ್ನು ಗಮನಿಸಬೇಕು.

ಆ ಚಿತ್ರ ನೋಡಿ ಪಟ್ಟಣ ಬಿಟ್ಟು ಊರಿಗೆ ವಾಪಸ್ ಹೋಗಿ ಬೇಸಾಯ ಹಿಡಿದವರ ಕಥೆ ನಾವೆಲ್ಲ ಕೇಳಿದ್ದೇವೆ. ಮಾವ ಊರಿನ ಗದ್ದೆ ಬಿಟ್ಟು ಬಂದು ಅವರಿಗೆಲ್ಲ ಟೇಬಲ್ ಒರೆಸಿಕೊಟ್ಟವರು. ನನಗೆ ಇದು ತಮಾಷೆ ಅನ್ನಿಸುತ್ತೆ. ಅವರಿಗೆ ಅನ್ನಿಸೋದಿಲ್ಲ.

ಕ್ಲೀನರ್ ಆಗಿದ್ದವರು ಸಪ್ಲೈಯರ್ ಆದರು, ಸಪ್ಲೈಯರ್ ಆಗಿದ್ದವರು ಒಳಗೆ ಹೋಗಿ ರುಬ್ಬೋ ಕಲ್ಲಿನ ಹತ್ತಿರ ಕೂತರು, ಆಮೇಲೆ ದೋಸೆ ಕಾವಲಿಯ ಮುಂದೆ ನಿಂತರು. ನಿಂತವರು ನಲವತ್ತು ವರ್ಷ ನಿಂತೇ ಇದ್ದರು. ಕೊರೋನಾ ಬಂದು, ಲಾಕ್‌ಡೌನ್ ಆಗಿ, 2021ರಲ್ಲಿ ಹೋಟೆಲ್ ಬಾಗಿಲು ಹಾಕಿತು. ಕಟ್ಟಡ ಮಾರಿದರು. ಮಾವನಿಗೆ ಸ್ವಲ್ಪ ದುಡ್ಡು ಕೊಟ್ಟರು, ಒಂದು ಶಾಲು ಹೊದಿಸಿದರು. ಅವತ್ತಿನಿಂದ ಶ್ರೀರಾಮಪುರದ ಒಂದು ರೂಮಿನಲ್ಲಿ ಇದ್ದಾರೆ. ಅತ್ತೆ ಊರಲ್ಲಿ. ನೀವೂ ಊರಿಗೆ ಹೋಗಬಾರದಾ ಅಂದರೆ, "ಅಲ್ಲಿ ಬೆಳಿಗ್ಗೆ ಮೂರಕ್ಕೆ ಎದ್ದು ಎಂತ ಮಾಡೂದು?" ಅಂತಾರೆ. ಈಗಲೂ ಮೂರಕ್ಕೇ ಎಚ್ಚರ ಆಗುತ್ತಂತೆ. ಎದ್ದು ರೂಮಿನಲ್ಲಿ ಸುಮ್ಮನೆ ಕೂತಿರ್ತಾರೆ.

ಕೆಂಪೇಗೌಡ ರಸ್ತೆಯಲ್ಲಿ ನಿಧಾನವಾಗಿ ನಡೆದೆವು. ಭಾನುವಾರದ ಆ ಹೊತ್ತಿನಲ್ಲಿ ಮಾತ್ರ ಈ ರಸ್ತೆಯನ್ನು ಕಣ್ತುಂಬ ನೋಡಬಹುದು. ಬಟ್ಟೆ ಅಂಗಡಿಗಳ ಷಟರ್ ಇಳಿದಿರುತ್ತೆ, ಸೊಪ್ಪಿನ ಗಾಡಿಯೊಂದು ಹೋಗುತ್ತಿರುತ್ತೆ, ನರ್ತಕಿ ಸಂತೋಷ್ ಮುಂದೆ ಕಟೌಟಿನ ಮರಳಿ ನೆನಪು ಮಾಡಿಕೊಳ್ಳೋದಕ್ಕೆ ಜಾಗ ಇರುತ್ತೆ. ಎಷ್ಟು ಥಿಯೇಟರು ಹೋದವು! ಕೆಂಪೇಗೌಡ ಹೋಯ್ತು, ಸಾಗರ್ ಹೋಯ್ತು, 2017ರಲ್ಲಿ ಕಪಾಲಿಯೂ ಮುಚ್ಚಿತು. ಅಲ್ಲಿ 'ಓಂ' ಎಷ್ಟನೇ ಸಲ ರಿಲೀಸ್ ಆಯ್ತು ಅಂತ ಲೆಕ್ಕ ಇಡೋದೇ ಅಭಿಮಾನಿಗಳಿಗೆ ಒಂದು ಕೆಲಸವಾಗಿತ್ತು. ಮಾವ ಥಿಯೇಟರುಗಳನ್ನು ನೋಡಲಿಲ್ಲ. ಅವರು ನೋಡಿದ್ದು ಥಿಯೇಟರಿನ ಪಕ್ಕದ ಜಾಗಗಳನ್ನು. "ಇಲ್ಲಿ ಪೂರಿ ಸಾಗು ಚಲೋ ಇತ್ತು." "ಇವರ ಗಲ್ಲಾದಲ್ಲಿ ಕೂತವ ಚಿಲ್ಲರೆ ಕೊಡ್ತಿರಲಿಲ್ಲ." "ಇಲ್ಲಿ ನಮ್ಮೂರಿನವ ಒಬ್ಬ ಇದ್ದ, ಸತ್ತ." ಊರಿಗೊಂದು ನಕ್ಷೆ ಇರುತ್ತಲ್ಲ, ಅವರದ್ದು ಬೇರೆಯೇ.

ಬೆಂಗಳೂರಿನ ತಿಂಡಿಯ ಚರಿತ್ರೆ ಅಂದರೆ ಅರ್ಧ ನಮ್ಮ ಕರಾವಳಿಯವರ ಚರಿತ್ರೆ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ್ದು ಇವತ್ತಿನ ಎಂ.ಟಿ.ಆರ್. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಅಂತ ಅವರು ಹೇಳ್ತಾರೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಅಲ್ಲಿ ಸಪ್ಲೈಯರ್ ಒಂದೇ ಕೈಮೇಲೆ ಅಷ್ಟೊಂದು ದೋಸೆ ತಟ್ಟೆ ಜೋಡಿಸಿಕೊಂಡು ಬರೋದನ್ನು ನೋಡೋದಕ್ಕೇ ದುಡ್ಡು ಕೊಡಬಹುದು, ಸ್ಟಂಟ್ ಮಾಸ್ಟರು ಕೂಡ ಡ್ಯೂಪ್ ಕೇಳ್ತಾರೆ! ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು, ಸಾಂಬಾರ್ ಕೊಡೋದೇ ಇಲ್ಲ, ಚಟ್ನಿಯೊಂದೇ. ಧೈರ್ಯ ನೋಡಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯ್ತು ನೋಡಿ, ಅಲ್ಲಿಂದ ಕಥೆಯೇ ತಿರುಗಿತು. ಕೂರೋದಕ್ಕೆ ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ. ಮೊದಲು ದುಡ್ಡು ಕೊಟ್ಟು ಟೋಕನ್ ತಗೋ, ನೀನೇ ಹೋಗಿ ತಟ್ಟೆ ತಗೋ, ನಿಂತು ತಿನ್ನು, ಹೊರಡು. ಚಿಕ್ಕ ಜಾಗ ಸಾಕು, ಬಾಡಿಗೆ ಕಡಿಮೆ, ಆಳು ಕಡಿಮೆ, ಜನ ಬೇಗ ಬೇಗ ಖಾಲಿ ಆಗ್ತಾರೆ. ರೇಟೂ ಕಡಿಮೆ ಇಡಬಹುದು. ನಮ್ಮಂಥ ಹುಡುಗರ ಹೊಟ್ಟೆ ತುಂಬಿಸಿದ್ದು ದರ್ಶಿನಿಗಳೇ, ಅದರಲ್ಲಿ ಸಂಶಯ ಇಲ್ಲ. ಆದರೆ ಮಾವನಿಗೆ ಆ ಮಾತು ಹೇಳಬಾರದು.

ಈಗಿನ ಈ ಹೊಸ ಹೋಟೆಲ್ ದರ್ಶಿನಿಯ ಮೊಮ್ಮಗ. ನಿಂತು ತಿನ್ನೋದು ಉಳಿದಿದೆ, ಕಡಿಮೆ ರೇಟು ಮಾತ್ರ ಉಳಿದಿಲ್ಲ!

ಆರೂಕಾಲಕ್ಕೇ ಮೂವತ್ತು ಜನ. ಹಿಂದಿನ ರಾತ್ರಿ ಸೆಕೆಂಡ್ ಶೋ ನೋಡಿ ಮನೆಗೆ ಹೋಗದ ಹುಡುಗರು, ರೈಲಿಳಿದು ಬಂದವರು, ಓಡೋ ಬೂಟು ಹಾಕಿಕೊಂಡ ಜೋಡಿಗಳು, ಒಬ್ಬ ಧಾರಾವಾಹಿ ನಟ (ಗುರುತು ಸಿಕ್ಕಿತು, ಟೋಪಿ ಕೆಳಗೆ ಎಳೆದುಕೊಂಡ್ರು, ಹಾಗಾಗಿ ಬಿಟ್ಟೆ). ಗಲ್ಲಾದ ಮುಂದೆ ಫೋನಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಹಾಕಬೇಕು. ಟಿ.ವಿ. ಪರದೆಯ ಮೇಲೆ ನಮ್ಮ ನಂಬರು ಬಂದಾಗ ಹೋಗಿ ತಟ್ಟೆ ತಗೋಬೇಕು. ಮಾವ ನೂರರ ಎರಡು ನೋಟು ಕೈಯಲ್ಲಿ ಹಿಡಿದು ಅತ್ತಿತ್ತ ನೋಡಿದರು. ನಾನು ಕೊಡ್ತೀನಿ ಅಂದೆ. ಅವರು ನೋಟು ಮಡಚಿ ಜೇಬಿಗೆ ಹಾಕಿದ ರೀತಿ ನನಗೆ ಹಿಡಿಸಲಿಲ್ಲ.

ಇನ್ನು ತಿಂಡಿಯ ವಿಷಯ.

ಇಡ್ಲಿ ಚೆನ್ನಾಗಿತ್ತು. ಮಾವ ಮೊದಲು ತಿನ್ನಲಿಲ್ಲ. ಇಡ್ಲಿಯನ್ನು ಮಗುಚಿ ಹಾಕಿ ಬೆನ್ನು ನೋಡಿದರು, ಬೆರಳಲ್ಲಿ ಒತ್ತಿದರು. ಒತ್ತಿದ ಗುಳಿ ಮೆಲ್ಲಗೆ ಮೇಲೆದ್ದು ಬಂತು. "ಅಡ್ಡಿಲ್ಲೆ" ಅಂದರು. ಅವರ ಬಾಯಲ್ಲಿ ಅದು ರಾಷ್ಟ್ರಪ್ರಶಸ್ತಿ. ವಡೆ ಹೊರಗೆ ಗರಿಗರಿ, ಒಳಗೆ ಮೆದು, ಆದರೆ ಎಣ್ಣೆ ಹಳೇದು. ಗಂಟಲಲ್ಲಿ ಹಿಡೀತು. ಚಟ್ನಿ ಗಟ್ಟಿ, ಹುರಿಗಡಲೆ ಹಾಕಿ ಮೋಸ ಮಾಡಿಲ್ಲ, ಕಾಯಿ ಕಾಯಿಯಾಗೇ ಇತ್ತು. ಸಾಂಬಾರ್? ಬೆಲ್ಲ ಜಾಸ್ತಿ, ಬೇಳೆ ಕಡಿಮೆ. ಸಾಂಬಾರಿನ ವಿಷಯದಲ್ಲಿ ನಮ್ಮ ಕರಾವಳಿಯವರೇ ಸಿಹಿ ಅಂತ ಬಯ್ಯುವ ಜನ ಇದ್ದಾರೆ, ಅಂಥ ಮಾವನೇ ಎರಡನೇ ಚಮಚಕ್ಕೆ ಬಟ್ಟಲು ದೂರ ಸರಿಸಿದರು.

ಪುಡಿ ದೋಸೆ ಬಂತು. ನೂರಹತ್ತು ರೂಪಾಯಿ. ತುಪ್ಪ ತಟ್ಟೆಯ ಅಂಚಿನಲ್ಲಿ ಕೆರೆ ಕಟ್ಟಿಕೊಂಡಿತ್ತು. ಪಕ್ಕದ ಹುಡುಗರು ದೋಸೆ ತಣ್ಣಗಾಗೋವರೆಗೂ ಅದರ ಫೋಟೋ ತೆಗೆದರು. ನಾನೂ ತೆಗೆದೆ, ಸುಳ್ಳು ಹೇಳೋದಿಲ್ಲ. ಬಣ್ಣ ಎ-ವನ್. ಬಾಯಿಗಿಟ್ಟರೆ ಮೊದಲ ತುತ್ತು ಸ್ವರ್ಗ, ಎರಡನೇದು ಭಾರ, ನಾಲ್ಕನೇದಕ್ಕೆ ನೀರು ಬೇಕು.

"ತುಪ್ಪ ಯಾಕೆ ಇಷ್ಟು ಹಾಕ್ತಾರೆ ಗೊತ್ತಾ?" ಮಾವ ಕೇಳಿದರು. "ಹಿಟ್ಟು ಸರಿ ಹುಳಿ ಬರಲಿಲ್ಲ. ನಿನ್ನೆ ಮಧ್ಯಾಹ್ನ ರುಬ್ಬಿ ಸಂಜೆಗೇ ಫ್ರಿಜ್ಜಿಗೆ ಹಾಕಿದ್ದಾರೆ. ಹಿಟ್ಟಿಗೆ ನಿದ್ದೆ ಆಗಲಿಲ್ಲ. ನಿದ್ದೆ ಆಗದ ಹಿಟ್ಟಿಗೆ ರುಚಿ ಇರೂದಿಲ್ಲ, ಮೇಲಿಂದ ತುಪ್ಪ ಹೊಯ್ಯಬೇಕು."

ಹಾಗೆ ಹೇಳ್ತಾ ಅವರ ಕಣ್ಣು ಕಾವಲಿಯ ಕಡೆಗೇ ಇತ್ತು. ಗಾಜಿನ ಆಚೆ, ಇಪ್ಪತ್ತರ ಒಬ್ಬ ಒಡಿಶಾದ ಹುಡುಗ. ಉದ್ದನೆಯ ಕಾವಲಿ, ಒಂದೇ ಸಲಕ್ಕೆ ಹನ್ನೆರಡು ದೋಸೆ. ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಗುಡಿಸಿ, ಹಿಟ್ಟು ಸುರಿದು ತಿರುವುತ್ತಾ ಇದ್ದ. ಕೈ ಚುರುಕು. ಆದರೆ ಒಂದು ಕಾಲ ಮೇಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸ್ತಾ ಇದ್ದ, ಎರಡು ನಿಮಿಷಕ್ಕೊಮ್ಮೆ.

ಈಗ ನಾನು ಒಂದು ಗುಟ್ಟು ಹೇಳಬೇಕು. ಮಾವನನ್ನು ನಾನು ಕರೆದುಕೊಂಡು ಹೋಗಿದ್ದು ಬರೀ ತಿಂಡಿಗಲ್ಲ.

ಈ ಹೋಟೆಲಿನ ಯಜಮಾನ ಮೂವತ್ತು ದಾಟದ ಹುಡುಗ. ಎರಡು ತಿಂಗಳ ಹಿಂದೆ ಒಂದು ಚಿತ್ರದ ಮುಹೂರ್ತದಲ್ಲಿ ಯೂನಿಟ್‌ಗೆ ತಿಂಡಿ ಕೊಡೋದಕ್ಕೆ ಬಂದಿದ್ದ. ಅಲ್ಲೇ ಪರಿಚಯ. "ಜನ ಬರ್ತಾರೆ ಬ್ರದರ್, ಎರಡನೇ ಸಲ ಬರೋದಿಲ್ಲ" ಅಂತ ಸಂಕಟ ತೋಡಿಕೊಂಡ. ಹಿಟ್ಟು, ಸಾಂಬಾರ್ ನೋಡಿಕೊಳ್ಳೋದಕ್ಕೆ ಒಬ್ಬ ಹಳೇ ಕೈ ಬೇಕು, ಬೆಳಿಗ್ಗೆ ಮೂರಕ್ಕೆ ಬರಬೇಕು, ಹನ್ನೊಂದಕ್ಕೆ ಹೋಗಬಹುದು, ತಿಂಗಳಿಗೆ ಇಪ್ಪತ್ತು ಸಾವಿರ ಅಂದ. ನನ್ನ ತಲೆಯಲ್ಲಿ ತಕ್ಷಣ ಮಾವ. ಮೂರಕ್ಕೆ ಎದ್ದು ಸುಮ್ಮನೆ ಕೂರೋ ಮಾವ! ಈ ಭಾನುವಾರ ಕರ್ಕೊಂಡು ಬರ್ತೀನಿ ಅಂದೆ. ಮಾವನಿಗೆ ಹೇಳಲಿಲ್ಲ. ಹೇಳಿದರೆ ಬರೋದಿಲ್ಲ ಅಂತ ಗೊತ್ತಿತ್ತು.

ಅರವತ್ತೆಂಟು ವರ್ಷದ, ಮಂಡಿ ಸವೆದ ಮನುಷ್ಯನಿಗೆ ಬೆಳಗಿನ ಜಾವ ಮೂರು ಗಂಟೆಯ ಕೆಲಸ ಕೊಡಿಸೋದು ಉಪಕಾರವೋ ಅಪಕಾರವೋ? ಶನಿವಾರ ರಾತ್ರಿಯೆಲ್ಲ ಇದೇ ಯೋಚನೆ. ಉತ್ತರ ಸಿಗಲಿಲ್ಲ. ಸಿಗೋ ಮೊದಲೇ ಬೆಳಗಾಯ್ತು.

ಯಜಮಾನ ಹುಡುಗ ಬಂದ. "ಅಂಕಲ್, ಹೇಗಿದೆ ತಿಂಡಿ? ಒಳಗೆ ಬನ್ನಿ, ಕಿಚನ್ ನೋಡಿ. ಅಣ್ಣ ನಿಮ್ಮ ಬಗ್ಗೆ ಎಲ್ಲಾ ಹೇಳಿದ್ದಾರೆ." ಮಾವ ನನ್ನ ಮುಖ ನೋಡಿದರು. ನಾನು ಕಾಫಿ ಲೋಟ ನೋಡಿದೆ.

ಒಳಗೆ ಹೋದರು. ನಾನೂ ಹಿಂದೆ ಹೋದೆ. ಸ್ಟೀಲು, ಗ್ರಾನೈಟು, ಗ್ರೈಂಡರು, ಎಲ್ಲಾ ಫಳಫಳ. ಮಾವ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡಿ ಮುಚ್ಚಿದರು. ಸಾಂಬಾರಿನ ಕೊಳಗ ನೋಡಲಿಲ್ಲ. ಸೀದಾ ಕಾವಲಿಯ ಹತ್ತಿರ ಹೋಗಿ ಆ ಹುಡುಗನ ಪಕ್ಕ ನಿಂತರು. ಹೋಟೆಲ್ ಹಿಂದಿಯಲ್ಲಿ ಏನೋ ಕೇಳಿದರು. ಅವನು ನಕ್ಕ. ಅವನ ಕೈಯಿಂದ ಪೊರಕೆ ತಗೊಂಡು, ನೀರು ಚಿಮುಕಿಸಿ, ಆ ಚಿಟಪಟ ಸದ್ದು ಕೇಳಿ, ಒಂದು ಕ್ಷಣ ಕಾದು ಗುಡಿಸಿದರು. ಹಿಟ್ಟು ಹಾಕಿ ತಿರುವಿದರು. ಒಂದು ದೋಸೆ, ಎರಡು, ಮೂರು... ಹನ್ನೆರಡೂ ಒಂದೇ ಅಳತೆ. ನಾಲ್ಕು ವರ್ಷದಿಂದ ಸಟ್ಟುಗ ಮುಟ್ಟದ ಕೈ! ಗಾಜಿನ ಆಚೆ ಒಬ್ಬ ಫೋನ್ ಎತ್ತಿ ವಿಡಿಯೋ ಶುರು ಮಾಡಿದ. ನಮ್ಮ ಯಜಮಾನ ಹುಡುಗನ ಮುಖ ನೋಡಬೇಕಿತ್ತು. ಮೊದಲ ದಿನವೇ ಹೌಸ್‌ಫುಲ್ ಬೋರ್ಡ್ ಬಿದ್ದ ನಿರ್ಮಾಪಕನ ಹಾಗೆ!

"ಅಂಕಲ್, ಸೂಪರ್! ಸಾಂಬಾರಿಗೆ ಏನ್ ಮಾಡೋಣ ಹೇಳಿ."

"ಸಾಂಬಾರ್ ಇರ್ಲಿ. ಮೊದಲು ಈ ಹುಡುಗನ ಕಾಲಡಿಗೆ ಒಂದು ಮರದ ಹಲಗೆ ಹಾಕ್ಸಿ."

"ಹಲಗೆ?"

"ಹೌದು. ನೆಲ ಗ್ರಾನೈಟು. ಹತ್ತು ಗಂಟೆ ಬರಿಗಾಲಲ್ಲಿ ನಿಂತರೆ ತಣ್ಣಗೆ ಮೇಲೆ ಹತ್ತುತ್ತೆ. ಈಗ ಗೊತ್ತಾಗೂದಿಲ್ಲ. ನನ್ನ ವಯಸ್ಸಿಗೆ ಗೊತ್ತಾಗ್ತದೆ." ತಮ್ಮ ಎಡಮಂಡಿ ತಟ್ಟಿ ತೋರಿಸಿದರು. "ನಮಗೆ ಯಾರೂ ಹಾಕ್ಸಿ ಕೊಡ್ಲಿಲ್ಲ."

ಯಜಮಾನ ತಲೆಯಾಡಿಸಿದ. ಕೆಲಸದ ಮಾತು ಎತ್ತಿದ. ಮಾವ ಬೇಡ ಅನ್ನಲಿಲ್ಲ. ನಾನು ಬೇಡ ಅಂತಾರೆ ಅಂದುಕೊಂಡಿದ್ದೆ! ಹಿಟ್ಟು ನೋಡಿಕೊಳ್ತೇನೆ, ಸಾಂಬಾರ್ ಕಲಿಸಿಕೊಡ್ತೇನೆ, ಆದರೆ ಕೂರೋದಕ್ಕೆ ಒಂದು ಸ್ಟೂಲ್ ಬೇಕು ಅಂದರು. ನನಗೊಂದು, ಕಾವಲಿಯವನಿಗೊಂದು. ಹುಡುಗ ಕಿಚನ್ ಕಡೆ ನೋಡಿದ, ಜಾಗ ಅಳೆದ ಹಾಗೆ. ಹೊರಗಿಂದ ಕಾಣುತ್ತಲ್ಲ ಅಂಕಲ್, ಕಸ್ಟಮರ್ಸ್ ಏನಂದುಕೊಳ್ತಾರೆ, ಕಾವಲಿ ಮುಂದೆ ಸ್ಟೂಲ್ ಹಾಕಿದರೆ ಓಡಾಡೋದಕ್ಕೆ ಆಗಲ್ಲ, ಪಾರ್ಟ್‌ನರ್ ಹತ್ತಿರ ಮಾತಾಡಿ ಹೇಳ್ತೀನಿ... ಅಂತ ಏನೇನೋ ಅಂದ. ಕೆಟ್ಟ ಹುಡುಗ ಅಲ್ಲ. ಬಾಡಿಗೆ ಎಷ್ಟು ಕಟ್ತಾನೋ ಪಾಪ.

"ನಿಂತು ತಿಂಬುವ ಹೋಟೆಲಲ್ಲಿ ಕೂತು ಕೆಲಸ ಕೇಳ್ದೆ ಅಲ್ದಾ ನಾನು!" ಹೊರಗೆ ಬಂದ ಮೇಲೆ ಮಾವ ನಕ್ಕರು. ನಾನೂ ನಕ್ಕೆ. ಅವರು ನಗು ನಿಲ್ಲಿಸಿ, "ನೀನು ಮೊದಲೇ ಹೇಳಬಹುದಿತ್ತು ಮಾಣಿ. ಒಳ್ಳೆ ಅಂಗಿ ಹಾಕಿ ಬಂದು ಎಣ್ಣೆ ಮಾಡಿಕೊಂಡೆ" ಅಂದರು. ನಿಜ, ತೋಳಿನ ಮೇಲೆ ಕಲೆ ಬಿದ್ದಿತ್ತು.

ಅಲ್ಲೇ ಮುಂದೆ ಒಂದು ಹಳೇ ಅಂಗಡಿಯಲ್ಲಿ ಬೈಟು ಕಾಫಿ ಕುಡಿದೆವು. ಈ ಸಲ ಮಾವನ ನೂರರ ನೋಟು ಚಲಾವಣೆ ಆಯಿತು. ಡಿಕಾಕ್ಷನ್ ಸ್ವಲ್ಪ ಕಹಿ, ಆದರೆ ಲೋಟ ಬಿಸಿ. ಕಾಫಿ ಕುಡೀತಾ ಆ ದುಡ್ಡಿನ ವಿಷಯ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಆಗಲಿಲ್ಲ.

ಮಾವ ಈ ಪತ್ರಿಕೆ ಓದ್ತಾರೆ. ನಾನು ಬರೀತೀನಿ ಅಂತಲ್ಲ, ಮೊದಲಿನಿಂದಲೂ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲೇ ತಗೊಳ್ತಾರೆ. ಆದ್ದರಿಂದ ಇಲ್ಲೇ ಬರೆಯೋದು ವಾಸಿ. ಮಾವ, ಸೆಕೆಂಡ್ ಪಿ.ಯು.ಸಿ. ಪರೀಕ್ಷೆ ಶುಲ್ಕ ಅಂತ ನೀವು ಕಳಿಸಿದ ದುಡ್ಡು ನಾನು ಕಟ್ಟಲಿಲ್ಲ. ಅದೇ ದುಡ್ಡಿನಲ್ಲಿ ಬಸ್ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದೆ. ಪಿಕ್ಚರಿನವರ ಹತ್ತಿರ ಕೆಲಸ ಮಾಡಬೇಕು ಅನ್ನೋ ಹುಚ್ಚು. ನಿಮ್ಮ ಹೋಟೆಲಿನ ಹಿಂಬಾಗಿಲಿಗೆ ಬಂದು, ಪರೀಕ್ಷೆ ಫೇಲಾಯ್ತು ಅಂತ ಸುಳ್ಳು ಹೇಳಿದೆ. ನೀವು ಏನೂ ಕೇಳಲಿಲ್ಲ. ಕಾವಲಿಯಿಂದ ಎರಡು ಖಾಲಿ ದೋಸೆ ತೆಗೆದು ಕೊಟ್ಟಿರಿ. ಅವತ್ತು ನಿಮ್ಮ ಕಾಲಡಿಗೆ ಹಲಗೆ ಇರಲಿಲ್ಲ ಅನ್ನೋದನ್ನು ನಾನು ಗಮನಿಸಿರಲಿಲ್ಲ.

ಗುರುವಾರ ಸಂಜೆ ಪ್ರೆಸ್‌ಮೀಟ್ ಮುಗಿಸಿ ಆ ಅಡ್ಡರಸ್ತೆಯಲ್ಲಿ ಹಾದು ಬಂದೆ. ಗಾಜಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ಕಾವಲಿಯ ಕೆಳಗೆ ಹಲಗೆ ಬಂದಿದೆ, ಹೊಸ ಮರ, ಇನ್ನೂ ಬಣ್ಣ ಹೊಡೆದಿಲ್ಲ. ಸ್ಟೂಲ್ ಕಾಣಲಿಲ್ಲ. ಯಜಮಾನ ಹುಡುಗ ಫೋನಿನಲ್ಲಿ ಇದ್ದ, ನನ್ನನ್ನು ನೋಡಿ ಕೈ ಎತ್ತಿ "ಮಾಡ್ತೀನಿ" ಅನ್ನೋ ಹಾಗೆ ಸನ್ನೆ ಮಾಡಿದ.

ನೀವು ಹೋಗೋದಾದರೆ ಆರೂವರೆ ಒಳಗೆ ಹೋಗಿ, ಏಳರ ಮೇಲೆ ಕ್ಯೂ ರಸ್ತೆಗೆ ಬರುತ್ತೆ. ಇಡ್ಲಿ ತಗೊಳ್ಳಿ, ಚಟ್ನಿ ಎರಡು ಸಲ ಕೇಳಿ, ಕೊಡ್ತಾರೆ. ವಡೆ ಬೇಡ. ದೋಸೆ ಬೇಕೇ ಬೇಕು ಅಂದರೆ ಇಬ್ಬರಿಗೆ ಒಂದು ಸಾಕು, ತುಪ್ಪ ಕಡಿಮೆ ಹಾಕಿ ಅಂತ ಆ ಹುಡುಗನಿಗೆ ಹೇಳಿ. ಕನ್ನಡ ಅರ್ಥ ಆಗುತ್ತೆ. ಕಾಫಿ ಮಾತ್ರ ಮುಂದಿನ ಅಂಗಡಿಯಲ್ಲಿ ಕುಡೀರಿ.